ಅಮ್ಮನ ಶುಗರ್ ಮೆಷಿನ್ ಹಟ್ಟಿಗೆ ಬೇಡ

ಮಾನ್ಯ ಸಂಪಾದಕರೇ,

ನವೆಂಬರ್ 14ರ ವಿಶ್ವ ಮಧುಮೇಹ ದಿನಕ್ಕೆ ನಿಮ್ಮ ಪತ್ರಿಕೆ ಇಡೀ ಒಂದು ಪುಟ ಕೊಟ್ಟಿತ್ತು. ನಡಿಗೆ, ಊಟ, ಕಾಲಿನ ಆರೈಕೆ, ಕಣ್ಣಿನ ಪರೀಕ್ಷೆ ಎಲ್ಲ ಚೆನ್ನಾಗಿ ಬಂದಿತ್ತು. ನನಗೂ ಶುಗರ್ ಉಂಟು, ಹಾಗಾಗಿ ಆ ಪುಟ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಅದೇ ವಿಷಯದ ಇನ್ನೊಂದು ಮಗ್ಗುಲನ್ನು ಯಾರೂ ಬರೆಯುವುದಿಲ್ಲ. ನಮ್ಮ ಉಡುಪಿ ಕಡೆ ಈಗ ಮನೆಗೊಂದು ಶುಗರ್ ಮೆಷಿನ್ ಆಗಿದೆ. ಬೆರಳಿಗೆ ಚುಚ್ಚಿ ಚುಚ್ಚಿ ಕೈ ಪಳಗಿದ ಜನ ಅದನ್ನು ದನ ಕಟ್ಟುವ ಹಟ್ಟಿಗೂ ನಾಯಿಗೂಡಿಗೂ ಒಯ್ಯತೊಡಗಿದ್ದಾರೆ. ಚುಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಬಂದ ನಂಬರನ್ನು ಮನುಷ್ಯರ ಚಾರ್ಟಿಗೆ ಹಿಡಿದು, ಮನುಷ್ಯರ ಮದ್ದನ್ನೇ ಕೊಡಲು ಹೊರಡುತ್ತಾರಲ್ಲ, ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆದೀತು, ಕ್ಷಮಿಸಿ.

ನಾನು ಪಶುಪಾಲನಾ ಇಲಾಖೆಯಲ್ಲಿ ಪಶುವೈದ್ಯಕೀಯ ಪರೀಕ್ಷಕನಾಗಿದ್ದು ನಿವೃತ್ತನಾದವನು. ಡಾಕ್ಟರ್ ಅಲ್ಲ. ಆದರೆ ಹಳ್ಳಿಯಲ್ಲಿ ಬ್ಯಾಗ್ ಹಿಡಿದು ಹಟ್ಟಿಗೆ ಬಂದವರೆಲ್ಲ ಡಾಕ್ಟ್ರೇ. ನಿವೃತ್ತಿಯ ನಂತರವೂ ಫೋನ್ ನಿಂತಿಲ್ಲ. ಮೊನ್ನೆ ರಾತ್ರಿ ನೆರೆಕರೆಯ ಹುಡುಗನೊಬ್ಬ ಫೋನ್ ಮಾಡಿದ. ಗಲ್ಫ್‌ನಿಂದ ವಾಪಸ್ ಬಂದು ಎರಡು ಎಚ್.ಎಫ್. ಕ್ರಾಸ್ ದನ, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿಯ ಮಿಶ್ರ ದನ, ಕಟ್ಟಿದ್ದಾನೆ. ಒಳ್ಳೆಯ ಹುಡುಗ, ಸ್ವಲ್ಪ ಗಾಬರಿ ಜಾಸ್ತಿ.

"ಡಾಕ್ಟ್ರೇ, ದನಕ್ಕೆ ಶುಗರ್ ಲೋ! 56 ತೋರಿಸ್ತಾ ಉಂಟು. ಅಮ್ಮನ ಮೆಷಿನಲ್ಲಿ ನೋಡಿದ್ದು."

"ರಕ್ತ ಎಲ್ಲಿಂದ ತೆಗ್ದೆ ಮಾರಾಯ?"

"ಕಿವಿಯಿಂದ. ಎರಡು ಅಚ್ಚು ಬೆಲ್ಲ ಕೊಟ್ಟೆ. ಇನ್ನೂ ಕೊಡ್ಲಾ?"

"ದನ ಈಗ ಎಂತ ಮಾಡ್ತಾ ಉಂಟು?"

"ಮಲಗಿ ಮೆಲುಕು ಹಾಕ್ತಾ ಉಂಟು."

"ಹಾಗಾದ್ರೆ ನೀನೂ ಹೋಗಿ ಮಲಗು."

ಬೆಳೆದ ದನದ ರಕ್ತದಲ್ಲಿ ಸಕ್ಕರೆ ಇರುವುದೇ 100 ಮಿಲಿಲೀಟರಿಗೆ 45ರಿಂದ 75 ಮಿಲಿಗ್ರಾಂ. ನಮಗೆ 70ರ ಕೆಳಗೆ ಹೋದರೆ ಕೈ ನಡುಗುತ್ತದೆ, ಬೆವರುತ್ತದೆ. ದನ 56ರಲ್ಲಿ ಆರಾಮವಾಗಿ ಕರುವಿಗೂ ಹಾಲು ಕೊಟ್ಟು ಡೈರಿಗೂ ಕೊಡುತ್ತದೆ. ಅದೇ ಮೆಷಿನನ್ನು ಅವನು ಗೂಡಿನ ಊರಕೋಳಿಗೆ ಹಿಡಿದಿದ್ದರೆ 200ರ ಮೇಲೆ ತೋರಿಸುತ್ತಿತ್ತು. ಆಗ ಕೋಳಿಗೂ ಮಾತ್ರೆ ಕೊಡುತ್ತಿದ್ದನೋ ಏನೋ. ಕೋಳಿಗೆ ಅದೇ ಸರಿಯಾದ ಮಟ್ಟ.

ಹಾಗಾದರೆ ದನದ, ಕೋಳಿಯ, ನಾಯಿಯ ಹಾರ್ಮೋನು ಬೇರೆ ಬೇರೆಯಾ? ಇಲ್ಲ. ಇಲ್ಲೇ ಇರುವುದು ಸ್ವಾರಸ್ಯ. ಇನ್ಸುಲಿನ್ ಎಂಬುದು 51 ಅಮೈನೊ ಆಮ್ಲಗಳನ್ನು ಎರಡು ಸರಪಳಿಯಾಗಿ ಪೋಣಿಸಿ ಜೋಡಿಸಿದ ಒಂದು ಸಣ್ಣ ಪ್ರೋಟೀನ್. ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸ. ದನದ್ದಕ್ಕೂ ನಮ್ಮದಕ್ಕೂ ಮೂರು. ನಾಯಿಯದು ಹಂದಿಯದರ ಹಾಗೆಯೇ, ತದ್ರೂಪ. 1920ರ ದಶಕದಿಂದ 1980ರ ದಶಕದವರೆಗೆ ಲೋಕದ ಶುಗರ್ ರೋಗಿಗಳು ಬದುಕಿದ್ದೇ ಕಸಾಯಿಖಾನೆಯಿಂದ ಬಂದ ಹಂದಿ, ದನಗಳ ಇನ್ಸುಲಿನ್‌ನಿಂದ. ಮನುಷ್ಯರ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಮಾರಾಟಕ್ಕೆ ಬಿಟ್ಟದ್ದು 1982ರಲ್ಲಿ. ಹಾರ್ಮೋನು ಹೆಚ್ಚುಕಡಿಮೆ ಒಂದೇ, ಆದರೆ ಒಂದೊಂದು ಪ್ರಾಣಿಯೂ ಅದನ್ನು ಬಳಸುವ ಕ್ರಮ ಬೇರೆ.

ಕೆಲಸ ನಡೆಯುವುದು ಹೀಗೆ. ಜಠರದ ಪಕ್ಕದಲ್ಲಿ ಮೇದೋಜೀರಕ ಗ್ರಂಥಿ ಇದೆ. ಅದರೊಳಗೆ ಅಲ್ಲಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಬೇರೆಯೇ ಕೋಶಗಳಿವೆ ಎಂದು 1869ರಲ್ಲಿ ಮೊದಲು ಬರೆದದ್ದು ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನಿಯ ವಿದ್ಯಾರ್ಥಿ. ಆ ಕೋಶಗಳು ಏನು ಮಾಡುತ್ತವೆ ಎಂದು ಅವನಿಗೆ ಆಗ ಗೊತ್ತಾಗಲಿಲ್ಲ. ಈಗ ನಮಗೆ ಗೊತ್ತಿದೆ. ಅಲ್ಲಿನ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ, ಆಲ್ಫಾ ಕೋಶಗಳು ಗ್ಲುಕಗಾನ್ ಬಿಡುತ್ತವೆ. ನಮ್ಮ ಹಿರಿಯರು ಮಳೆಗಾಲಕ್ಕೆಂದು ಅಕ್ಕಿಗೆ ಬೈಹುಲ್ಲು ಸುತ್ತಿ ಮುಡಿ ಕಟ್ಟಿ ಅಟ್ಟದಲ್ಲಿ ಇಡುತ್ತಿದ್ದರಲ್ಲ, ಲಿವರಿನ ಕೆಲಸ ಹಾಗೆ. ಉಂಡ ಮೇಲೆ ಸಕ್ಕರೆ ಏರಿದಾಗ ಮುಡಿ ಕಟ್ಟಿಸುವುದು ಇನ್ಸುಲಿನ್. ಹಸಿದಾಗ ಮುಡಿ ಬಿಚ್ಚಿಸುವುದು ಗ್ಲುಕಗಾನ್. ಮಾಂಸಖಂಡ, ಕೊಬ್ಬು ರಕ್ತದಿಂದ ಸಕ್ಕರೆ ಎಳೆದುಕೊಳ್ಳುವುದೂ ಇನ್ಸುಲಿನ್ ಹೇಳಿದಾಗಲೇ.

ಇವೆರಡೇ ಅಲ್ಲ. ನಾಯಿ ಕಂಡು ಬೆಕ್ಕು ಬೆನ್ನು ಬಿಲ್ಲಾಗಿಸಿ ನಿಂತಿತು ಅನ್ನಿ, ಆಗ ಅಡ್ರಿನಾಲಿನ್ ನುಗ್ಗಿ ಸಕ್ಕರೆ ಏರಿಸುತ್ತದೆ. ದಿನಗಟ್ಟಲೆ ಹೊಟ್ಟೆಗಿಲ್ಲ, ಜ್ವರ, ನೋವು ಎಂದಾದರೆ ಕಾರ್ಟಿಸಾಲ್ ಬಂದು ಮೈಯ ಪ್ರೋಟೀನ್ ಕರಗಿಸಿ ಲಿವರಿನಲ್ಲಿ ಹೊಸ ಸಕ್ಕರೆ ಮಾಡಿಸುತ್ತದೆ. ಬೆಳವಣಿಗೆಯ ಹಾರ್ಮೋನು ಕೂಡ ಇನ್ಸುಲಿನ್‌ನ ಮಾತು ನಡೆಯದ ಹಾಗೆ ಮಾಡುತ್ತದೆ. ಲೆಕ್ಕ ಹಾಕಿ ನೋಡಿ, ಏರಿಸುವವರು ನಾಲ್ಕು ಮಂದಿ, ಇಳಿಸುವವನು ಒಬ್ಬನೇ. ಸಕ್ಕರೆ ತೀರಾ ಇಳಿದರೆ ಮೆದುಳು ಹೆಚ್ಚು ಹೊತ್ತು ತಾಳುವುದಿಲ್ಲ. ಏರಿದರೆ ತೊಂದರೆ ನಿಧಾನಕ್ಕೆ ಬರುತ್ತದೆ. ಕಾಡಿನಲ್ಲಿ ಬದುಕುವ ಪ್ರಾಣಿಗೆ ಹಸಿವೆಯೇ ನಿತ್ಯದ ಕಷ್ಟ, ಹೊಟ್ಟೆಬಿರಿಯ ಊಟ ಅಪರೂಪ. ಆ ಒಬ್ಬನೇ ಕೈಕೊಟ್ಟರೆ ಬದಲಿಗೆ ಯಾರೂ ಇಲ್ಲ ಎಂಬುದೇ ನನ್ನಂಥವರ ಪಾಡು.

ಈಗ ದನಕ್ಕೆ ಬರುತ್ತೇನೆ. ನನ್ನ ಜೀವನ ಕಳೆದದ್ದು ಅಲ್ಲೇ.

ಅವನು ಕೊಟ್ಟ ಬೆಲ್ಲ ಎಲ್ಲಿಗೆ ಹೋಯಿತು? ರಕ್ತಕ್ಕಂತೂ ಹೋಗಲಿಲ್ಲ. ದನದ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಹುಲ್ಲು, ಹಿಂಡಿ, ಅಕ್ಕಚ್ಚು, ಬೆಲ್ಲ ಏನೇ ಬಂದರೂ ಮೊದಲ ಪಂಕ್ತಿ ಅವುಗಳದ್ದು. ಅವು ಉಂಡು, ಹುಳಿ ಬರಿಸಿ, ಕೆಲವು ಆಮ್ಲಗಳನ್ನು ಬಿಡುತ್ತವೆ. ಅದರಲ್ಲಿ ಪ್ರೊಪಿಯಾನಿಕ್ ಆಮ್ಲ ಎಂಬುದನ್ನು ಲಿವರ್ ಹಿಡಿದು ಸಕ್ಕರೆ ಮಾಡುತ್ತದೆ. ಅಂದರೆ ದನ ಸಕ್ಕರೆಯನ್ನು ಕರುಳಿನಿಂದ ಹೀರಿಕೊಳ್ಳುವುದು ತೀರಾ ಕಡಿಮೆ, ಹಗಲೂ ರಾತ್ರಿ ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮ ಹಾಗೆ ಊಟ ಆದ ಮೇಲೆ ಸಕ್ಕರೆ ಜಿಗಿಯುವುದು, ಇನ್ಸುಲಿನ್ ಓಡಿ ಬರುವುದು ಅಲ್ಲಿ ಅಷ್ಟಾಗಿ ಇಲ್ಲ. ಎಳೆಗರುವಿನ ವಿಷಯ ಬೇರೆ. ಅದು ಕುಡಿದ ಹಾಲು ಮೊದಲ ಹೊಟ್ಟೆಯನ್ನು ಬಿಟ್ಟು ನೇರ ಮುಂದೆ ಹೋಗುತ್ತದೆ. ಹಾಗಾಗಿ ಕರುವಿನ ಶುಗರ್ ತಾಯಿಗಿಂತ ಜಾಸ್ತಿ ಇರುತ್ತದೆ. ಹುಲ್ಲು ಕಚ್ಚಲು ಕಲಿತು, ಹೊಟ್ಟೆ ಬೆಳೆದ ಹಾಗೆ ತಾಯಿಯ ಮಟ್ಟಕ್ಕೆ ಇಳಿಯುತ್ತದೆ.

ಇನ್ನು ಹಾಲು. ಹಾಲಿನ ಸಿಹಿ ಲ್ಯಾಕ್ಟೋಸ್‌ನದು, ಅದು ಆಗುವುದು ರಕ್ತದ ಸಕ್ಕರೆಯಿಂದ. ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಸಕ್ಕರೆ ಬೇಕು. 15 ಲೀಟರ್ ಕೊಡುವ ದನದ ಕೆಚ್ಚಲು ದಿನಕ್ಕೆ ಒಂದು ಕಿಲೋ ಸಕ್ಕರೆ ಎಳೆಯುತ್ತದೆ. ನಮ್ಮ ಊರ ತಳಿ ಮಲೆನಾಡು ಗಿಡ್ಡ ಕರುವಿಗೂ ಮನೆಗೂ ಆಗುವಷ್ಟು ಕೊಟ್ಟು ಸುಮ್ಮನಾಗುತ್ತಿತ್ತು, ಅದಕ್ಕೆ ಈ ಕಷ್ಟ ಇರಲಿಲ್ಲ. ಕ್ರಾಸ್ ದನಕ್ಕೆ ಹಾಗಲ್ಲ. ಕರು ಹಾಕಿದ ಮೇಲೆ ಅದರ ಮೈಯಲ್ಲಿ ಇನ್ಸುಲಿನ್ ಇಳಿಯುತ್ತದೆ, ಬೆಳವಣಿಗೆಯ ಹಾರ್ಮೋನು ಏರುತ್ತದೆ. ಮಾಂಸಖಂಡಕ್ಕೂ ಕೊಬ್ಬಿಗೂ ಸಕ್ಕರೆ ಬಂದ್. ಆದರೆ ಕೆಚ್ಚಲಿಗೆ ಸಕ್ಕರೆ ಎಳೆಯಲು ಇನ್ಸುಲಿನ್‌ನ ಅಪ್ಪಣೆಯೇ ಬೇಕಿಲ್ಲ! ತಾಯಿಗೆ ಇಲ್ಲದಿದ್ದರೂ ಕರುವಿಗೆ ಇರಲಿ ಎಂಬ ಏರ್ಪಾಡು ಇದು. ಕರು ಕುಡಿಯುವಷ್ಟೇ ಆದರೆ ಒಳ್ಳೆಯದೇ. ನಾವು ಡೈರಿಯ ಕ್ಯಾನಿಗಾಗಿ ತಳಿ ಮಾಡಿ ಆ ಏರ್ಪಾಡನ್ನು ಎಳೆದು ಎಳೆದು ಉದ್ದ ಮಾಡಿದ್ದೇವೆ.

ಎಳೆದದ್ದು ಜಾಸ್ತಿ ಆದಾಗ ಕೀಟೋಸಿಸ್ ಬರುತ್ತದೆ. ಕರು ಹಾಕಿದ ಮೊದಲ ಆರು ವಾರಗಳಲ್ಲೇ ಹೆಚ್ಚು. ಸಕ್ಕರೆ ಸಾಲದೆ ದನ ತನ್ನ ಕೊಬ್ಬು ಕರಗಿಸುತ್ತದೆ. ಕೊಬ್ಬು ಲಿವರಿಗೆ ನುಗ್ಗುತ್ತದೆ. ಅಷ್ಟನ್ನೂ ಪೂರ್ತಿ ಉರಿಸಲು ಲಿವರಿಗೆ ಆಗದೆ ಅರ್ಧಂಬರ್ಧ ಉರಿದು ಕೀಟೋನ್ ಎಂಬುದು ರಕ್ತಕ್ಕೆ ಬರುತ್ತದೆ. ದನ ಬೈಹುಲ್ಲು ತಿನ್ನುತ್ತದೆ, ಹಿಂಡಿ ಮುಟ್ಟುವುದಿಲ್ಲ. ಇದನ್ನು ನೆನಪಿಡಿ. ಆಸೆಯಿಂದ ತಿನ್ನುವ ಹಿಂಡಿಯನ್ನು ಮೂಸಿ ಬಿಟ್ಟು ಹುಲ್ಲಿಗೆ ಬಾಯಿ ಹಾಕುವ ಬಾಣಂತಿ ದನವನ್ನು ನೋಡಿದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಹಾಲು ದಿನೇ ದಿನೇ ಇಳಿಯುತ್ತದೆ. ಸೆಗಣಿ ಗಟ್ಟಿಯಾಗುತ್ತದೆ. ಬಾಯಿಯ ಹತ್ತಿರ ಮೂಗು ಒಯ್ದರೆ ಉಗುರಿನ ಬಣ್ಣ ತೆಗೆಯುವ ದ್ರಾವಣದ ವಾಸನೆ. ಎಲ್ಲರಿಗೂ ಆ ವಾಸನೆ ಗೊತ್ತಾಗುವುದಿಲ್ಲ. ಕೆಲವು ದನ ಗೋಡೆ ನೆಕ್ಕುತ್ತವೆ, ಕಟ್ಟಿದ ಹಗ್ಗ ಅಗಿಯುತ್ತವೆ, ಹುಚ್ಚು ಹಿಡಿದ ಹಾಗೆ ಗೂಟಕ್ಕೆ ತಲೆ ಒತ್ತುತ್ತವೆ. ಅಂಥದ್ದನ್ನು ಕಂಡು ದೃಷ್ಟಿ ಆಗಿದೆ ಎಂದು ತಡೆ ಕಟ್ಟಿಸಿದ ಮನೆಗಳನ್ನೂ ಕಂಡಿದ್ದೇನೆ. ತಡೆ ಕಟ್ಟಿಸಲಿ, ಬೇಡ ಎನ್ನುವವನು ನಾನಲ್ಲ. ಜೊತೆಗೆ ಡಾಕ್ಟರಿಗೂ ಫೋನ್ ಮಾಡಲಿ.

ನಾವು ಪತ್ತೆ ಮಾಡುತ್ತಿದ್ದದ್ದು ರಕ್ತ ಚುಚ್ಚಿ ಅಲ್ಲ. ಬ್ಯಾಗಿನಲ್ಲಿ ಒಂದು ಸಣ್ಣ ಕುಪ್ಪಿಯಲ್ಲಿ ರೋಥೆರಾ ಪುಡಿ ಇರುತ್ತಿತ್ತು. ಅಮೋನಿಯಂ ಸಲ್ಫೇಟ್, ಸೋಡಿಯಂ ಕಾರ್ಬೊನೇಟ್, ಚೂರು ಸೋಡಿಯಂ ನೈಟ್ರೊಪ್ರುಸೈಡ್, ಮೂರನ್ನೂ ಅರೆದು ಬೆರೆಸಿದ್ದು. ದನದ ಹಿಂದೆ ನಿಂತು, ಬಾಲದ ಕೆಳಗೆ ಯೋನಿಯ ತುದಿಗಿಂತ ಸ್ವಲ್ಪ ಕೆಳಗೆ ಬೈಹುಲ್ಲಿನ ಎಸಳಿನಿಂದ ಮೆಲ್ಲ ಸವರಿದರೆ ದನ ಬೆನ್ನು ಬಗ್ಗಿಸಿ ಉಚ್ಚೆ ಹೊಯ್ಯುತ್ತದೆ. ಅವಸರ ಮಾಡಿದರೆ ಒದೆ ಗ್ಯಾರಂಟಿ. ಚಿಟಿಕೆ ಪುಡಿಯ ಮೇಲೆ ನಾಲ್ಕು ಹನಿ ಬಿಟ್ಟು ಕಾಯಬೇಕು. ಬಿಳಿ ಪುಡಿ ಹಾಗೇ ಒದ್ದೆಯಾಗಿ ಕೂತರೆ ಸರಿ. ಅಂಚಿನಿಂದ ನೇರಳೆ ಬಣ್ಣ ಹರಡತೊಡಗಿದರೆ ಕೀಟೋನ್ ಉಂಟು ಅಂತ. ಬಣ್ಣ ಎಷ್ಟು ಬೇಗ ಬಂತು, ಎಷ್ಟು ದಟ್ಟ ಬಂತು ಎಂದು ನೋಡಿದರೆ ರೋಗ ಎಷ್ಟು ಬಲಿತಿದೆ ಎಂಬ ಅಂದಾಜೂ ಸಿಗುತ್ತಿತ್ತು. ಮನೆಯ ಹೆಂಗಸರು, ಮಕ್ಕಳು ಎಲ್ಲ ಸುತ್ತ ನಿಂತು ನೋಡುತ್ತಿದ್ದರು. ಈಗ ಅದ್ದಿ ನೋಡುವ ಪಟ್ಟಿಗಳು ಬಂದಿವೆ, ಮೆಡಿಕಲ್‌ನಲ್ಲಿ ಸಿಗುತ್ತವೆ.

ಮದ್ದು ಏನು? ಡಾಕ್ಟರು ಬಂದು ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣದ ಬಾಟ್ಲಿಯನ್ನು ನೇರ ರಕ್ತನಾಳಕ್ಕೆ ಕೊಡುತ್ತಾರೆ, ಅಂದರೆ ಮೊದಲ ಹೊಟ್ಟೆಯ ಪಂಕ್ತಿಯನ್ನು ತಪ್ಪಿಸಿ. ಆಮೇಲೆ ಕೆಲವು ದಿನ ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಹಾಕಿಸುತ್ತಾರೆ. ಅದನ್ನು ಲಿವರ್ ಸಕ್ಕರೆಯಾಗಿಸುತ್ತದೆ. ಬೆಲ್ಲದ ನೀರಿನಿಂದ ಈ ಕೆಲಸ ಆಗುವುದಿಲ್ಲ. ಕರು ಹಾಕಿದ ದಿನ ಪ್ರೀತಿಗೆ ಒಂದು ತುಂಡು ಬೆಲ್ಲ ಕೊಡುವುದು ನಮ್ಮ ಕ್ರಮ, ಅದು ನಡೆಯಲಿ. ಸೇರುಗಟ್ಟಲೆ ಕೊಟ್ಟರೆ ಹೊಟ್ಟೆ ಹುಳಿಯಾಗಿ ದನ ಇನ್ನೂ ತಿನ್ನುವುದು ಬಿಡುತ್ತದೆ. ಇನ್ನೊಂದು ಮಾತು. ಹಾಲು ಬತ್ತಿದ ತಿಂಗಳುಗಳಲ್ಲಿ ದನವನ್ನು ಕೊಬ್ಬಿಸಬೇಡಿ. "ಮೈ ತುಂಬಿಕೊಂಡಿದೆ, ಕರು ಹಾಕಿದ ಮೇಲೆ ಒಳ್ಳೆ ಹಾಲು ಕೊಡ್ತದೆ" ಎಂದು ಸಂತೋಷಪಡುವ ದನಕ್ಕೇ ಈ ರೋಗ ಮೊದಲು ಬರುವುದು.

ಹುಳಿಯ ಮಾತು ಬಂತಲ್ಲ, ಮದುವೆ ಸೀಸನ್‌ನ ಬಗ್ಗೆಯೂ ಹೇಳಿಬಿಡುತ್ತೇನೆ. ಹಾಲ್‌ನಲ್ಲಿ ಉಳಿದ ಅನ್ನ, ಪಾಯಸ, ಹೋಳಿಗೆ, ಲಾಡು ಎಲ್ಲ ಡ್ರಮ್ಮಿನಲ್ಲಿ ತುಂಬಿ "ದನಗಳಿಗಾದರೂ ಆಗಲಿ" ಎಂದು ಹಟ್ಟಿಗೋ ಗೋಶಾಲೆಗೋ ಕಳುಹಿಸುತ್ತಾರೆ. ಪುಣ್ಯದ ಕೆಲಸ ಎಂದೇ ಮಾಡುವುದು, ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಇಷ್ಟು ಅನ್ನ, ಸಕ್ಕರೆ ಒಮ್ಮೆಲೇ ಬಿದ್ದರೆ ಮೊದಲ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಉಕ್ಕುತ್ತದೆ. ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ದನ ಹೊಟ್ಟೆ ಉಬ್ಬರಿಸಿ, ನೀರು ನೀರಾಗಿ ಬೇಧಿಯಾಗಿ ಮಲಗುತ್ತದೆ. ಬೇಸಿಗೆಯ ಮುಹೂರ್ತಗಳ ಮರುದಿನ ಬೆಳಿಗ್ಗೆ ಯಾವ ಹಟ್ಟಿಯಿಂದ ಕರೆ ಬರುತ್ತದೆ ಎಂದು ಆಮಂತ್ರಣ ಪತ್ರ ನೋಡಿ ಹೇಳಬಹುದಿತ್ತು. ಉಳಿಯುವ ದನಕ್ಕಿಂತ ಸಾಯುವ ದನ ಜಾಸ್ತಿ ಕಂಡ ದಿನಗಳೂ ಉಂಟು.

ನಾಯಿಯ ಕತೆ ಇದಕ್ಕೆ ಪೂರ್ತಿ ತಿರುವುಮುರುವು. ದನಕ್ಕೆ ಸಾಮಾನ್ಯವಾಗಿ ಬರುವುದು ಸಕ್ಕರೆ ಸಾಲದ ಕಾಯಿಲೆ. ನಾಯಿಗೆ ನಮ್ಮ ಹಾಗೆಯೇ ಸಕ್ಕರೆ ಕಾಯಿಲೆ ಬರುತ್ತದೆ. ಬರುತ್ತದೆ ಎಂದರೆ ಜನ ನಗುತ್ತಾರೆ. ಈ ರೋಗದ ಮೂಲ ಲೋಕಕ್ಕೆ ಗೊತ್ತಾದದ್ದೇ ನಾಯಿಯಿಂದ ಮಾರಾಯ್ರೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬವರು ನಾಯಿಯೊಂದರ ಮೇದೋಜೀರಕ ಗ್ರಂಥಿ ತೆಗೆದರು. ಅದು ಮತ್ತೆ ಮತ್ತೆ ಉಚ್ಚೆ ಹೊಯ್ಯತೊಡಗಿತು, ಪರೀಕ್ಷಿಸಿದರೆ ಉಚ್ಚೆಯಲ್ಲಿ ಸಕ್ಕರೆ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಹಾಗೆ ಗ್ರಂಥಿ ತೆಗೆದ ನಾಯಿಗಳಿಗೆ ಬೇರೆ ನಾಯಿಯ ಗ್ರಂಥಿಯ ರಸ ಚುಚ್ಚಿ ಸಕ್ಕರೆ ಇಳಿಸಿದರು. ಮರುವರ್ಷ ಜನವರಿಯಲ್ಲಿ 14 ವರ್ಷದ ಲೆನರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ದನದ ಗ್ರಂಥಿಯಿಂದ ತೆಗೆದ ಅಂಥದೇ ರಸ ಸಿಕ್ಕಿತು. ನವೆಂಬರ್ 14 ಬ್ಯಾಂಟಿಂಗ್ ಹುಟ್ಟಿದ ದಿನ. ನಿಮ್ಮ ಪುಟದಲ್ಲಿ ಅವರ ಫೋಟೋ ಇತ್ತು, ನಾಯಿಯದು ಇರಲಿಲ್ಲ.

ನನ್ನ ಮಗಳು ಮಂಗಳೂರಿನಲ್ಲಿ ಫ್ಲ್ಯಾಟಿನಲ್ಲಿ ಇದ್ದಾಳೆ. ಅವಳ ಪಕ್ಕದ ಮನೆಯಲ್ಲಿ ಒಂದು ಹೆಣ್ಣು ಲ್ಯಾಬ್ರಡಾರ್. ಪ್ರಾಯ ಆಗಿದೆ. ಬೆದೆ ಮುಗಿದ ಸ್ವಲ್ಪ ಸಮಯದಲ್ಲೇ ನೀರು ಕುಡಿಯುವುದು ಜಾಸ್ತಿ ಆಯಿತು. ಬಟ್ಟಲು ಖಾಲಿ ಮಾಡಿ ಬಾತ್‌ರೂಮಿನ ಬಕೆಟಿಗೆ ಬಾಯಿ ಹಾಕುತ್ತಿತ್ತು. ಮೊದಲು ಎಂದೂ ಇಲ್ಲದ್ದು, ಮನೆಯೊಳಗೆ ಉಚ್ಚೆ ಹೊಯ್ಯತೊಡಗಿತು. ಬಾಲ್ಕನಿಯಲ್ಲಿ ಅದು ಹೊಯ್ದಲ್ಲಿ ಇರುವೆ ಮುತ್ತುತ್ತಿದ್ದವು. ತಿನ್ನುವುದು ರಾಶಿ, ಮೈ ಮಾತ್ರ ಇಳಿಯುತ್ತಿತ್ತು. ಸೆಕೆಗೆ ಹೀಗೆ ಎಂದು ಅವರು ಸುಮ್ಮನಿದ್ದರು. ನಮ್ಮ ಕರಾವಳಿಯ ಸೆಕೆಗೆ ಎಲ್ಲ ದೋಷ ಹೊರಿಸುವುದು ಸುಲಭ, ಅಲ್ವಾ? ಕಣ್ಣು ಹಾಲಿನಂತೆ ಬೆಳ್ಳಗಾದಾಗ ಡಾಕ್ಟರ ಹತ್ತಿರ ಹೋದರು. ಶುಗರ್ ಬಂದ ನಾಯಿಗಳಲ್ಲಿ ಹೆಚ್ಚಿನವಕ್ಕೆ ಕಣ್ಣಿನ ಪೊರೆ ಬರುತ್ತದೆ.

ಹೆಣ್ಣುನಾಯಿಗೆ ಬೆದೆಯ ನಂತರವೇ ಯಾಕೆ? ಪ್ರೊಜೆಸ್ಟರಾನ್‌ನಿಂದ. ಗರ್ಭ ನಿಲ್ಲಲಿ ಬಿಡಲಿ, ಬೆದೆ ಮುಗಿದ ಮೇಲೆ ಎರಡು ತಿಂಗಳು ಆ ಹಾರ್ಮೋನು ನಾಯಿಯ ಮೈಯಲ್ಲಿ ಏರಿಯೇ ಇರುತ್ತದೆ. ಅದು ಮೊಲೆಯ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನು ಬಿಡಿಸುತ್ತದೆ. ಅದು ಇನ್ಸುಲಿನ್‌ನ ಕೈ ಕಟ್ಟುತ್ತದೆ. ಮರಿ ಬೇಡದ ಹೆಣ್ಣುನಾಯಿಗೆ ಸಂತಾನಹರಣ ಆಪರೇಶನ್ ಮಾಡಿಸಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಆ ಮನೆಯ ಅಜ್ಜಿಯೇ ದಿನಕ್ಕೆ ಎರಡು ಬಾರಿ ಇಂಜೆಕ್ಷನ್ ಕೊಡುತ್ತಾರೆ. ಮೊದಲು ಬಟ್ಟಲು ಇಡುತ್ತಾರೆ. ನಾಯಿ ತಿಂದದ್ದನ್ನು ಕಣ್ಣಾರೆ ನೋಡಿದ ಮೇಲೆ, ಬೆನ್ನಿನ ಪಕ್ಕದ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಆ ಮಡಿಕೆಗೆ ಸೂಜಿ. ನಾಯಿ ತಿರುಗಿಯೂ ನೋಡುವುದಿಲ್ಲ. ಊಟ ಬಿಟ್ಟ ದಿನ ಪೂರ್ತಿ ಡೋಸ್ ಕೊಡಬಾರದು, ಡಾಕ್ಟರನ್ನು ಕೇಳಬೇಕು. ಇಲ್ಲದಿದ್ದರೆ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ, ಫಿಟ್ಸ್ ಬರಬಹುದು. ಆಗ ಜೇನು ಅಥವಾ ಗ್ಲುಕೋಸ್ ಪುಡಿಯ ಪಾಕವನ್ನು ಒಸಡಿಗೆ ಸವರಿ ಆಸ್ಪತ್ರೆಗೆ ಓಡಬೇಕು. ಪ್ರಜ್ಞೆ ಇಲ್ಲದಾಗ ಬಾಯಿಗೆ ನೀರು ಹೊಯ್ಯಬಾರದು.

ಇಲ್ಲೊಂದು ದೂರು ಇದೆ. ಅವರಿಗೆ ಒಂದು ಮೆಡಿಕಲ್‌ನಲ್ಲಿ ಬಾಟ್ಲಿ ಒಂದು ಬಗೆಯದು, ಸಿರಿಂಜ್ ಇನ್ನೊಂದು ಬಗೆಯದು ಕೊಟ್ಟಿದ್ದರು. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ ಇನ್ಸುಲಿನ್‌ಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. 40ರ ಬಾಟ್ಲಿಯಿಂದ ಕಿತ್ತಳೆ ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ನಾಲ್ಕೇ ಯೂನಿಟ್. ಅವರಿಗೆ ಆದದ್ದು ಇದೇ, ವಾರ ಕಳೆದರೂ ಶುಗರ್ ಇಳಿಯಲಿಲ್ಲ. ಉಲ್ಟಾ ಆಗಿದ್ದರೆ, ಅಂದರೆ 100ರ ಇನ್ಸುಲಿನ್ ಕೆಂಪು ಸಿರಿಂಜ್‌ಗೆ ಹೋಗಿದ್ದರೆ, 10 ಎಂದದ್ದು 25 ಆಗಿ ನಾಯಿ ರಾತ್ರಿ ಕಳೆಯುತ್ತಿರಲಿಲ್ಲ. ಮನುಷ್ಯರಿಗೂ ಇದೇ ಲೆಕ್ಕ. ಔಷಧದಂಗಡಿಯವರು ದಯವಿಟ್ಟು ಬಾಟ್ಲಿಯನ್ನೂ ಮುಚ್ಚಳದ ಬಣ್ಣವನ್ನೂ ಒಟ್ಟಿಗೆ ಇಟ್ಟು ತೋರಿಸಿ ಕೊಡಲಿ.

ಮನುಷ್ಯರ ಮಾತ್ರೆ ನಾಯಿಗೆ ಆಗುತ್ತದಾ ಎಂದು ಕೇಳುವವರು ಬಹಳ. ಗ್ಲಿಮೆಪಿರೈಡ್ ಥರದ ಮಾತ್ರೆ ಮಾಡುವುದು ಬೀಟಾ ಕೋಶಗಳನ್ನು ಹಿಂಡಿ ಇನ್ಸುಲಿನ್ ತೆಗೆಯುವ ಕೆಲಸ. ಶುಗರ್ ಬಂದ ನಾಯಿಯಲ್ಲಿ ಹಿಂಡಲು ಕೋಶಗಳೇ ಉಳಿದಿರುವುದಿಲ್ಲ, ಆದ್ದರಿಂದ ಉಪಯೋಗವಿಲ್ಲ. ಆರೋಗ್ಯವಾಗಿರುವ ನಾಯಿ ಅಜ್ಜನ ಮಾತ್ರೆಯ ಸ್ಟ್ರಿಪ್ ಅಗಿದು ನುಂಗಿದರೆ ಅಪಾಯ, ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಅದಕ್ಕಿಂತಲೂ ಮೋಸದ್ದು ಶುಗರ್‌ಫ್ರೀ ಎಂದು ಬರೆದ ಚೂಯಿಂಗ್ ಗಮ್, ಮಿಠಾಯಿ. ಕೆಲವದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ಮನುಷ್ಯರ ಇನ್ಸುಲಿನ್ ಅದಕ್ಕೆ ಅಷ್ಟಾಗಿ ಏಳುವುದಿಲ್ಲ. ನಾಯಿಯ ಮೇದೋಜೀರಕ ಗ್ರಂಥಿ ಅದನ್ನು ಸಕ್ಕರೆಯೇ ಎಂದು ತಿಳಿದು ಇನ್ಸುಲಿನ್ ಸುರಿಸಿಬಿಡುತ್ತದೆ. ಅರ್ಧ ಗಂಟೆಯಲ್ಲೇ ನಾಯಿ ಕುಸಿಯಬಹುದು. ಜಾಸ್ತಿ ತಿಂದಿದ್ದರೆ ಲಿವರ್ ಕೂಡ ಹೋಗುತ್ತದೆ. ಸಕ್ಕರೆ ಇಲ್ಲದ್ದು, ನಾಯಿಗೂ ಒಳ್ಳೆಯದೇ ಎಂದು ಕೊಡುವವರಿದ್ದಾರೆ. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಎಂದು ಕನ್ನಡಕ ಹಾಕಿ ಓದಿ.

ಬೆಕ್ಕಿನ ಬಗ್ಗೆ ಒಂದೆರಡು ಮಾತು ಸಾಕು. ಕೊಬ್ಬಿದ ಬೆಕ್ಕಿಗೆ, ಅದರಲ್ಲೂ ಮನೆಯೊಳಗೇ ಮಲಗಿರುವ ಗಂಡುಬೆಕ್ಕಿಗೆ, ಬರುವ ಶುಗರ್ ನನ್ನ ಶುಗರಿನ ಹಾಗೆ. ಇನ್ಸುಲಿನ್ ಇದೆ, ಮೈ ಕೇಳುವುದಿಲ್ಲ. ಬೇಗ ಇನ್ಸುಲಿನ್ ಶುರು ಮಾಡಿ, ಅನ್ನ ಬಿಡಿಸಿ ಮೀನು ಮಾಂಸದ ಊಟ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಇಂಜೆಕ್ಷನ್ನೇ ಬೇಡ ಎಂಬಷ್ಟು ಸುಧಾರಿಸುತ್ತದೆ. ಮೀನಿನ ಬಂದರು ಮಲ್ಪೆಯ ಬೆಕ್ಕುಗಳಿಗೆ ಇದು ಹೇಳಬೇಕಾಗಿಲ್ಲ. ಆದರೆ ಚೀಲದಲ್ಲಿ ಹಾಕಿ ಬೈಕಿನಲ್ಲಿ ತಂದ ಬೆಕ್ಕಿನ ರಕ್ತ ಪರೀಕ್ಷಿಸಿ ಶುಗರ್ ಉಂಟು ಎಂದು ತೀರ್ಮಾನಿಸಬೇಡಿ. ಹೆದರಿದ ಬೆಕ್ಕಿನ ಅಡ್ರಿನಾಲಿನ್ ಒಂದೇ ಸಾಕು, ಶುಗರ್ 200 ದಾಟುತ್ತದೆ. ಮನೆಗೆ ಹೋಗಿ ಒಲೆಯ ಬದಿಗೆ ಮಲಗಿದರೆ ಇಳಿಯುತ್ತದೆ. ಮತ್ತೆ, ಮನುಷ್ಯರ ಮೆಷಿನ್ ನಾಯಿ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕೆಂಪು ರಕ್ತಕಣದೊಳಗೆ ಎಷ್ಟು ಸಕ್ಕರೆ, ಹೊರಗಿನ ದ್ರವದಲ್ಲಿ ಎಷ್ಟು ಎಂಬುದು ನಮ್ಮಲ್ಲಿ ಒಂದು ಥರ, ಅವುಗಳಲ್ಲಿ ಇನ್ನೊಂದು ಥರ. ಮೆಷಿನ್ ಮಾಡಿದವರು ನಮ್ಮ ರಕ್ತಕ್ಕೆ ಹೊಂದಿಸಿದ್ದಾರೆ.

ಮಲ್ಪೆ ಎಂದಾಗ ನೆನಪಾಯಿತು. ಕೆಲವು ಮೀನುಗಳಲ್ಲಿ ಇನ್ಸುಲಿನ್ ಮಾಡುವ ಕೋಶಗಳು ಮೇದೋಜೀರಕ ಗ್ರಂಥಿಯೊಳಗೆ ಹರಡಿರುವುದಿಲ್ಲ, ಬೇರೆಯೇ ಒಂದು ಪುಟ್ಟ ಉಂಡೆಯಾಗಿ ಇರುತ್ತವೆ. ಇನ್ಸುಲಿನ್ ಬರುವುದು ಆ ಕೋಶಗಳಿಂದಲೇ ಎಂದು ಖಚಿತ ಮಾಡಿಕೊಳ್ಳಲು ಬ್ಯಾಂಟಿಂಗ್ ಜೊತೆ ನೊಬೆಲ್ ಪಡೆದ ಮ್ಯಾಕ್ಲಿಯಾಡ್ 1922ರಲ್ಲಿ ಕಡಲತಡಿಗೆ ಹೋಗಿ ಮೀನುಗಳ ಆ ಉಂಡೆಯನ್ನೇ ಪರೀಕ್ಷಿಸಿದರು. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ಮಕ್ಕಳು ಬಂದರಿನಿಂದ ಮೀನು ತಂದು ಇದನ್ನು ಹುಡುಕಿ ನೋಡಬಹುದು. ಖರ್ಚು ಕಡಿಮೆ, ಉಳಿದದ್ದು ಸಾರಿಗಾಯಿತು.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಹಾಲಿನ ಡೈರಿಯಲ್ಲೂ ಫ್ಯಾಟ್, ದರ ಬರೆಯುವ ಬೋರ್ಡ್ ಇರುತ್ತದೆ. ಅದರ ಮೂಲೆಯಲ್ಲಿ ಕಾರ್ಯದರ್ಶಿಗಳು ಒಂದು ಸಾಲು ಬರೆಸಲಿ. ಕರು ಹಾಕಿ ಆರು ವಾರದೊಳಗೆ ದನ ಹಿಂಡಿ ಬಿಟ್ಟು ಹುಲ್ಲು ಮಾತ್ರ ತಿಂದರೆ ಬೆಲ್ಲ ಕೊಟ್ಟು ಕಾಯಬೇಡಿ ಎಂದು. ಯಾರ ಮನೆಯ ಹಾಲು ದಿಢೀರ್ ಇಳಿದಿದೆ ಎಂದು ಮೊದಲು ಗೊತ್ತಾಗುವುದು ಅಳೆದುಕೊಳ್ಳುವ ಅವರಿಗೇ. ಪಶು ಆಸ್ಪತ್ರೆಗಳಲ್ಲಿ ಕೀಟೋನ್ ಪರೀಕ್ಷೆಯ ಪಟ್ಟಿ ಯಾವಾಗಲೂ ಇರುವ ಹಾಗೆ ಇಲಾಖೆ ನೋಡಿಕೊಳ್ಳಲಿ. ದನದ ಬೆಲೆ ನೋಡಿದರೆ ಪಟ್ಟಿಯ ಖರ್ಚು ಏನೂ ಅಲ್ಲ. ನೀವೂ ಮುಂದಿನ ನವೆಂಬರ್‌ನ ಪುಟದಲ್ಲಿ ಎರಡು ಕಾಲಂ ಪಶುವೈದ್ಯರಿಗೆ ಬಿಟ್ಟುಕೊಡಿ.

ಅಲ್ಲಿಯವರೆಗೆ ಆಸ್ಪತ್ರೆ ದೂರ ಇರುವವರು 1962ಕ್ಕೆ ಕರೆ ಮಾಡಬಹುದು. ಅದು ಪಶು ಚಿಕಿತ್ಸಾ ವಾಹನದ ಉಚಿತ ನಂಬರು. ಫೋನ್ ಎತ್ತಿದವರಿಗೆ ಶುಗರ್ ಎಷ್ಟು ತೋರಿಸಿತು ಎಂದು ಹೇಳುವುದು ಬೇಡ. ಕರು ಹಾಕಿ ಎಷ್ಟು ದಿನ ಆಯಿತು, ಹಿಂಡಿ ತಿನ್ನುತ್ತದೋ ಇಲ್ಲವೋ, ಹಾಲು ಎಷ್ಟು ಇಳಿದಿದೆ, ಸೆಗಣಿ ಹೇಗಿದೆ ಎಂದು ಹೇಳಿ. ಬರುವ ಡಾಕ್ಟರು ಡೆಕ್ಸ್‌ಟ್ರೋಸ್ ಬಾಟ್ಲಿ ಹಿಡಿದುಕೊಂಡೇ ಬರುತ್ತಾರೆ.

ಇತಿ,
ನಿವೃತ್ತ ಪಶುವೈದ್ಯಕೀಯ ಪರೀಕ್ಷಕ,
ಹಿರಿಯಡ್ಕ, ಉಡುಪಿ